ನೋಟವೂ ನಮಸ್ಕಾರವೂ

ದೇವರ ಚಿತ್ರವನ್ನು ಪರೀಕ್ಷಕನ ಕಣ್ಣಿನಿಂದ ನೋಡುವದು ಭಕ್ತಿಗೆ ಕುಂದಾಗುವದೇ? ಕುಂದೇ ಎಂಬುದು ನನ್ನ ಬಹುಕಾಲದ ತಿಳುವಳಿಕೆಯಾಗಿದ್ದಿತು. ಶಾಲೆಯಲ್ಲಿದ್ದಾಗ ಒಮ್ಮೆ ಹುಡುಗರನ್ನು ನಮ್ಮ ಸಿರಸಂಗಿಯ ಕಾಳಮ್ಮನ ಗುಡಿಗೆ ಕರೆದೊಯ್ದಿದ್ದೆನು. ಎಲ್ಲರೂ ಕೈಮುಗಿದು ನಿಂತಿರಲು, ಬಡಿಗರ ಮನೆಯ ಹುಡುಗನೊಬ್ಬನು ಕಂಬಕ್ಕೆ ಮೂಗು ಹಚ್ಚಿ ಉಳಿಯ ಗೆರೆಗಳನ್ನು ನೋಡುತ್ತಿದ್ದನು. ಗದರಿಸಿದೆನು. "ಕೈ ಮುಗಿದ್ರ ಕಣ್ಣು ತಾವ ಮುಚ್ಚತಾವ್ರಿ ಮಾಸ್ತರ, ಮುಚ್ಚಿದ್ರ ಕಾಣೂದು ಹ್ಯಾಂಗ್ರಿ?" ಎಂದನು. ಅವನನ್ನು ಹೊರಗೆ ನಿಲ್ಲಿಸಿದೆನು.

ಈಚೆಗೆ ಕೈಗೆ ಬಂದ ಪುಸ್ತಕವೊಂದರಲ್ಲಿಯ ಚಿತ್ರವು ಆ ಮಾತನ್ನು ಮತ್ತೆ ನೆನಪಿಗೆ ತಂದಿತು. ಇಟಲಿಯ ಶಿಲ್ಪಿ ಮೈಕೆಲೆಂಜೆಲೊ 1540ರ ಸುಮಾರಿಗೆ ವಿಟ್ಟೋರಿಯಾ ಕೊಲೊನ್ನಾ ಎಂಬ ಕವಯಿತ್ರಿಗೆ ಸ್ನೇಹದ ಕಾಣಿಕೆಯಾಗಿ ಬರೆದುಕೊಟ್ಟ ಕ್ರಿಸ್ತನ ಚಿತ್ರವದು. ಈಗ ಲಂಡನ್ನಿನ ಬ್ರಿಟಿಷ್ ಮ್ಯೂಜಿಯಮ್ಮಿನಲ್ಲಿದೆ. ಕರಿಯ ಖಡುವಿನಿಂದ ಕಾಗದದ ಮೇಲೆ ಬರೆದುದು. ಎತ್ತರವು ಒಂದು ಮೊಳಕ್ಕೂ ಕಡಿಮೆ. ಶಿಲುಬೆಯ ಮೇಲಿನ ಕ್ರಿಸ್ತನಿಗೆ ಇನ್ನೂ ಜೀವವಿದೆ; ಮುಖವೆತ್ತಿ ತಂದೆಯನ್ನು ಕರೆಯುವಂತಿದ್ದಾನೆ. ವಾಡಿಕೆಗೆ ವಿರುದ್ಧವಾದ ಈ ಸಂಗತಿಯನ್ನು ಶಿಲ್ಪಿಯ ಚರಿತ್ರಕಾರನಾದ ಕೊಂಡಿವಿಯು 1553ರಲ್ಲಿಯೇ ಎತ್ತಿ ಹೇಳಿದ್ದಾನೆ. ಪದತಲದಲ್ಲಿ ತಲೆಬುರುಡೆ, ತೋಳುಗಳ ಕೆಳಗೆ ಎಡಬಲದಲ್ಲಿ ಶೋಕಿಸುವ ಇಬ್ಬರು ದೇವದೂತರು. ಕ್ರಿಸ್ತನ ಮೈಯು ಕಡೆದ ಕಲ್ಲಿನಂತೆ ದುಂಡಾಗಿದ್ದರೆ ಇವರು ಧೂಪದ ಹೊಗೆಯಂತೆ ತೆಳು. ಮೊದಲ ನೋಟಕ್ಕೆ ನನಗೆ ಕಾಣಲೇ ಇಲ್ಲ.

ಈ ಚಿತ್ರದ ಕುರಿತಾದುದೆಂದು ವಿದ್ವಾಂಸರು ಸಾಮಾನ್ಯವಾಗಿ ಎಣಿಸುವ ಕೊಲೊನ್ನಾಳ ಪತ್ರವೊಂದುಂಟು. ದೀಪದ ಬೆಳಕಿನಲ್ಲಿ, ಗಾಜಿನಿಂದ, ಕನ್ನಡಿಯಿಂದ ತಾನು ಅದನ್ನು ಪರೀಕ್ಷಿಸಿದುದಾಗಿಯೂ, ಇಷ್ಟು ಪರಿಪೂರ್ಣವಾದುದನ್ನು ಎಂದೂ ಕಾಣಲಿಲ್ಲವೆಂದೂ ಆಕೆಯು ಬರೆದಳು. ಇದು ಅವನ ಕೈಯದೋ ಬೇರೆಯವರದೋ ಎಂಬ ಸಂದೇಹವೂ ಆ ಪತ್ರದಲ್ಲಿಯೇ ಇದೆ! ಆದರೂ ಆಕೆಯ ಭಕ್ತಿಯಲ್ಲಿ ಕೊರತೆಯೆಣಿಸಿದವರಿಲ್ಲ. ಚಿನಿವಾರನೂ ದಿಟ್ಟಿಸಿ ನೋಡುವನು, ಕೂಸಿನ ಉಗುರನ್ನು ತಾಯಿಯೂ ದಿಟ್ಟಿಸಿ ನೋಡುವಳು. ಬೆಲೆ ಗೊತ್ತಾದೊಡನೆ ಅವನ ನೋಟವು ಮುಗಿಯಿತು, ಇವಳದು ಮುಗಿಯುವದಿಲ್ಲ. ದೋಷವು ಕಣ್ಣು ತೆರೆಯುವದರಲ್ಲಿಲ್ಲ, ಬೇಗನೆ ಸಾಕೆನ್ನುವದರಲ್ಲಿದೆಯೆಂದು ಈಗ ನನಗೆ ತೋರುತ್ತದೆ. ನಾವಾದರೂ ಗರ್ಭಗುಡಿಯ ಕತ್ತಲಲ್ಲಿ ಆರತಿಯನ್ನು ದೇವಿಯ ಮುಖದ ಹತ್ತಿರಕ್ಕೆ ಎತ್ತುವದು ಕಾಣಲೆಂದೇ ಅಲ್ಲವೇ? ಆದರೆ ಆ ಬೆಳಕಿನಲ್ಲಿಯೇ ಕಣ್ಣು ಮುಚ್ಚಿಬಿಡುತ್ತೇವೆ.

ಆಚಾರ್ಯರು ರೇಖೆಯನ್ನೂ ವಿಚಕ್ಷಣರು ವರ್ತನೆಯನ್ನೂ, ಅಂದರೆ ನೆರಳು-ಬೆಳಕಿನ ತಿದ್ದುಗೆಯನ್ನೂ, ಮೆಚ್ಚುವರೆಂದು ವಿಷ್ಣುಧರ್ಮೋತ್ತರದ ಚಿತ್ರಸೂತ್ರವು ಹೇಳುವದು. ಪಾಠಶಾಲೆಯಲ್ಲಿ ಅದನ್ನು ಬಾಯಿಪಾಠ ಮಾಡಿದ್ದೆನೇ ಹೊರತು ವರ್ತನೆಯೆಂದರೇನೆಂಬುದನ್ನು ಕಂಡಿರಲಿಲ್ಲ. ಆ ತಿದ್ದುಗೆಯನ್ನು ನೋಡಬೇಕೆಂದು ಭೂತಗನ್ನಡಿಯನ್ನು ಹಿಡಿದೆನು; ಮುದ್ರಣದ ಚುಕ್ಕೆಗಳ ಹೊರತು ಬೇರೇನೂ ಕಾಣಲಿಲ್ಲ. ಅಚ್ಚಿನ ಪ್ರತಿಯಲ್ಲಿ ಕೊಲೊನ್ನಾಳ ಸುಖವಿಲ್ಲ.

ಮರುದಿನ ಗುಡಿಗೆ ಹೋದೆನು. ಕನ್ನಡಕವನ್ನು ಒರೆಸಿಕೊಂಡು ಆ ಕಂಬದ ಮೇಲೆ ಉಳಿಯ ಗೆರೆಗಳನ್ನು ಹುಡುಕುತ್ತಿರಲು ಪೂಜಾರಿಯು ಬಂದು, "ಏನರ ಕಳಕೊಂಡೀರೇನ್ರಿ, ಮಾಸ್ತರ?" ಎಂದು ಕೇಳಿದನು.