ಅಂತರ್ಜಾಲವೆಂಬ ಸೋಜಿಗವೂ ಅದರ ಎರಡು ತುದಿಗಳೂ

ಮನುಷ್ಯನ ಕೈಕೆಲಸಗಳಲ್ಲಿ ಕೆಲವು ಕಣ್ಣಿಗೆ ಬೀಳುವದರಿಂದ ನಾವು ಅವುಗಳನ್ನು ನೋಡಿ ಆಶ್ಚರ್ಯಪಡುತ್ತೇವೆ. ಬೇರೆ ಕೆಲವನ್ನು ದಿನಾಲೂ ಉಪಯೋಗಿಸಿದಾಗ್ಯೂ, ಅವು ಕಣ್ಣಿಗೆ ಕಾಣದಿರುವದರಿಂದ, ಅವುಗಳ ವಿಷಯವಾಗಿ ಯೋಚಿಸುವದೇ ಇಲ್ಲ. ನಂಜನಗೂಡಿನಲ್ಲಿ ಕಪಿಲಾ ನದಿಯ ಮೇಲಿರುವ ಹಳೆಯ ಸೇತುವೆಯು ಮೊದಲನೆಯ ತರದ್ದು; ಅಂತರ್ಜಾಲವು ಎರಡನೆಯ ತರದ್ದು.

ವಾಚಕರೇ, ನಂಜನಗೂಡಿನಲ್ಲಿರುವ ಒಬ್ಬ ಮಗಳು ತಿರುಮಕೂಡಲು ನರಸೀಪುರದಲ್ಲಿರುವ ತನ್ನ ತಾಯಿಗೆ ಕೂಸಿನ ಚಿತ್ರವನ್ನು ಮೊಬೈಲಿನಿಂದ ಕಳುಹಿಸಿದಳೆಂದು ಭಾವಿಸೋಣ. ಆ ಚಿತ್ರವು ಇಡಿಯಾಗಿ ಹೋಗುವದಿಲ್ಲ. ಯಂತ್ರವು ಅದನ್ನು ಸಣ್ಣ ಸಣ್ಣ ತುಣುಕುಗಳಾಗಿ ವಿಭಾಗಿಸಿ, ಒಂದೊಂದಕ್ಕೂ ಅಂಕೆಯನ್ನೂ ವಿಳಾಸವನ್ನೂ ಹಚ್ಚುತ್ತದೆ. ತುಣುಕುಗಳು ಬೇರೆ ಬೇರೆ ದಾರಿ ಹಿಡಿಯಬಹುದು; ಕೂದಲೆಳೆಯಂಥ ಗಾಜಿನ ತಂತಿಯೊಳಗೆ ಬೆಳಕಾಗಿ, ಸೆಕೆಂಡಿಗೆ ಸುಮಾರು 2 ಲಕ್ಷ ಕಿಲೋಮೀಟರ್ ವೇಗದಿಂದ, ದೂರದ ಪಟ್ಟಣಗಳ ಯಂತ್ರಗಳನ್ನು ಮುಟ್ಟಿ ಬರಬಹುದು. ಒಂದು ತುಣುಕು ಕಳೆದುಹೋದರೆ ಅದು ಮತ್ತೊಮ್ಮೆ ಕಳುಹಿಸಲ್ಪಡುತ್ತದೆ. ತಿರುಮಕೂಡಲಿನಲ್ಲಿ ಕಪಿಲೆಯೂ ಕಾವೇರಿಯೂ ಕೂಡಿದ ಮೇಲೆ ಯಾವ ನೀರು ಯಾವದೆಂದು ಹೇಳಲಾಗದು; ಇಲ್ಲಿಯಾದರೋ ಕೂಡಿದ ಪ್ರತಿಯೊಂದು ತುಣುಕೂ ತನ್ನ ತನ್ನ ಸ್ಥಳದಲ್ಲಿ ಕುಳಿತು, ತಾಯಿಯು ಮೊಮ್ಮಗುವಿನ ಮುಖವನ್ನು ಕಾಣುತ್ತಾಳೆ.

ಈ ಕಾರ್ಯವು ಒಬ್ಬನಿಂದ ಆದದ್ದಲ್ಲ. 1969ನೆಯ ಅಕ್ಟೋಬರ್ 29ರಲ್ಲಿ ಅಮೇರಿಕಾ ದೇಶದ ಲಾಸ್ ಏಂಜಲಿಸಿನಿಂದ ಸ್ಟ್ಯಾನ್‌ಫರ್ಡಿಗೆ ‘ಲಾಗಿನ್’ ಎಂಬ ಪದವನ್ನು ಕಳುಹಿಸುವ ಪ್ರಯತ್ನವಾದಾಗ, ಮೊದಲಿನ ಎರಡೇ ಅಕ್ಷರಗಳು ಮುಟ್ಟಿ ಯಂತ್ರವು ನಿಂತುಹೋಯಿತು. 1974ರಲ್ಲಿ ವಿಂಟ್ ಸರ್ಫ್ ಮತ್ತು ರಾಬರ್ಟ್ ಕಾನ್ ಎಂಬವರು, ಬೇರೆ ಬೇರೆ ತರದ ಯಂತ್ರಜಾಲಗಳು ಒಂದಕ್ಕೊಂದು ಮಾತಾಡುವದಕ್ಕೆ ಬೇಕಾದ ಸಾಮಾನ್ಯ ನಿಯಮಗಳನ್ನು ಪ್ರಕಟಿಸಿದರು. 1989ರಲ್ಲಿ ಟಿಮ್ ಬರ್ನರ್ಸ್-ಲೀ ಎಂಬವರು ಜಿನೀವದ ಬಳಿಯ ವಿಜ್ಞಾನಶಾಲೆಯಲ್ಲಿ ವಿಶ್ವವ್ಯಾಪಿ ಜಾಲವನ್ನು ಯೋಚಿಸಿದರು. 1993ರಲ್ಲಿ ಆ ಸಂಸ್ಥೆಯು ಅದನ್ನು ಹಣ ಕೇಳದೆ ಸರ್ವರಿಗೂ ಬಿಟ್ಟುಕೊಟ್ಟಿತು. ನಮ್ಮ ದೇಶದ ಸಾಮಾನ್ಯ ಜನರಿಗೆ ಈ ಸೌಕರ್ಯವು 1995ನೆಯ ಆಗಸ್ಟ್ 15ರಲ್ಲಿ ದೊರೆಯಿತು. ಒಡೆಯನೊಬ್ಬನ ಅಪ್ಪಣೆಯಿಂದಲ್ಲ, ಅನೇಕರ ಒಡಂಬಡಿಕೆಯಿಂದ ಈ ಜಾಲವು ನಿಂತಿದೆ ಎಂಬದೇ ಅದರ ಮೊದಲನೆಯ ಪಾಠವು.

ಇದರಿಂದ ಬಡವನಿಗೂ ಉಪಕಾರವುಂಟು. ಮುಂಚೆ ಪಹಣಿಯ ಪುಸ್ತಕವು ಗ್ರಾಮ ಲೆಕ್ಕಿಗನ ಕೈಯಲ್ಲಿತ್ತು. ರೈತನು ಅವನನ್ನು ಹುಡುಕಿ ಕಾಯಬೇಕಿತ್ತು. 2001ರಲ್ಲಿ ಕರ್ನಾಟಕ ಸರಕಾರದ ‘ಭೂಮಿ’ ಯೋಜನೆಯಿಂದ ಸುಮಾರು 2 ಕೋಟಿ ಪಹಣಿಗಳು ಗಣಕಯಂತ್ರಕ್ಕೆ ಏರಿದವು. ಈಗ ತನ್ನ ಹೊಲದ ಲೆಕ್ಕವನ್ನು ಅಂತರ್ಜಾಲದಲ್ಲಿಯೇ ನೋಡಬಹುದು. ಆದರೆ ಇಲ್ಲಿ ಒಂದು ಸಂಗತಿಯನ್ನು ಗಮನಿಸಬೇಕು. ಹೆಸರು ಸರಿಯಾಗಿ ಬರೆಯಲ್ಪಟ್ಟಿದ್ದರೆ ಯಂತ್ರವು ಸರಿಯಾದದ್ದನ್ನು ಕೊಡುತ್ತದೆ. ತಪ್ಪಾಗಿ ಬರೆಯಲ್ಪಟ್ಟಿದ್ದರೆ ಆ ತಪ್ಪನ್ನೂ ಅಷ್ಟೇ ಅಚ್ಚುಕಟ್ಟಾಗಿ ಕೊಡುತ್ತದೆ. ತುಣುಕುಗಳೆಲ್ಲ ಮುಟ್ಟಿದವೋ ಎಂದು ಅದು ಎಣಿಸಬಲ್ಲದು; ಮಾತು ಸತ್ಯವೋ ಎಂದು ತೂಗಲಾರದು.

ಹೀಗಿರುವದರಿಂದ ಉಂಟಾಗುವ ಅಪಾಯವು ಎಷ್ಟೆಂಬದನ್ನು ನಮ್ಮ ರಾಜ್ಯವು ಕಂಡಿದೆ. 2018ನೆಯ ಜುಲೈ 13ರಲ್ಲಿ ಹೈದರಾಬಾದಿನಿಂದ ಬೀದರ ಜಿಲ್ಲೆಗೆ ಬಂದಿದ್ದ ಕೆಲವು ಸ್ನೇಹಿತರು ಮಕ್ಕಳಿಗೆ ಚಾಕಲೇಟು ಕೊಟ್ಟರು. ಮಕ್ಕಳ ಕಳ್ಳರು ತಿರುಗುತ್ತಾರೆಂಬ ಸುಳ್ಳು ಸುದ್ದಿಯು ಆ ದಿನಗಳಲ್ಲಿ ಮೊಬೈಲುಗಳಲ್ಲಿ ಹಬ್ಬಿದ್ದರಿಂದ ಜನರು ಸಂಶಯಪಟ್ಟರು. ಆ ಸ್ನೇಹಿತರು ಕಾರನ್ನು ಏರಿ ಓಡಿದರು. ವಾಟ್ಸಾಪಿನ ಸುದ್ದಿಯು ಕಾರಿಗಿಂತ ಮುಂಚೆ ಮುರ್ಕಿ ಎಂಬ ಗ್ರಾಮವನ್ನು ಮುಟ್ಟಿತು. ಅಲ್ಲಿ ದಾರಿಯನ್ನು ಕಟ್ಟಿದ ಗುಂಪು ಅವರನ್ನು ಹೊಡೆಯಿತು. ಅವರಲ್ಲಿ ಒಬ್ಬ ತರುಣ ಇಂಜಿನಿಯರನು ಸತ್ತನು. ಅದೇ ತಿಂಗಳಲ್ಲಿ ಆ ಕಂಪೆನಿಯು, ಭಾರತದಲ್ಲಿ ಒಂದು ಸಂದೇಶವನ್ನು ಒಮ್ಮೆಗೆ ಐದಕ್ಕಿಂತ ಹೆಚ್ಚು ಕಡೆ ದಾಟಿಸದಂತೆ ಮಿತಿ ಇಡುವದಾಗಿ ತಿಳಿಸಿತು. ಇಲ್ಲಿಯೂ ಯಂತ್ರವು ಎಣಿಕೆಯನ್ನು ಮಾತ್ರ ಮಾಡಿತು.

ಇಂಥ ಸಂದೇಶವನ್ನು ದಾಟಿಸಿದವನು, “ನಾನು ಅದನ್ನು ಬರೆಯಲಿಲ್ಲ, ಬಂದದ್ದನ್ನು ಕಳುಹಿಸಿದೆನಷ್ಟೆ,” ಎಂದು ಹೇಳುವದುಂಟು. ಹೊಳೆಯು ತನ್ನಲ್ಲಿ ತೇಲಿಬರುವದಕ್ಕೆ ಹೊಣೆಯಲ್ಲವೆಂಬದು ನಿಜ. ಆದರೆ ನಾವು ಹೊಳೆಯಲ್ಲ. “ಮಕ್ಕಳ ಮೇಲಿನ ಪ್ರೀತಿಯಿಂದಲೇ ಎಚ್ಚರಿಸಿದೆನು, ಸುದ್ದಿ ನಿಜವೋ ಎಂದು ಬೀದರಕ್ಕೆ ಹೋಗಿ ನೋಡಲಾದೀತೇ?” ಎಂದು ಮತ್ತೊಬ್ಬನು ಕೇಳಾನು. ಈ ಪ್ರಶ್ನೆಯನ್ನು ಹಗುರವಾಗಿ ತಳ್ಳಿಬಿಡಬಾರದು. ಆದಾಗ್ಯೂ ಸಂಶಯವನ್ನು ಪೊಲೀಸ್ ಠಾಣೆಗೆ ತಿಳಿಸುವದು ಒಂದು ಕೆಲಸ, ನೂರು ಮಂದಿಗೆ ಸತ್ಯವೆಂದು ಸಾರುವದು ಬೇರೆ ಕೆಲಸ. ನೋಡಲಾರದ್ದನ್ನು ದಾಟಿಸದೆ ಸುಮ್ಮನಿರುವದು ಪ್ರೀತಿಯ ಕೊರತೆಯಲ್ಲ. ಆ ತರುಣನೂ ಒಬ್ಬ ತಾಯಿಯ ಮಗನಾಗಿದ್ದನು.

ಪೂರ್ವದಲ್ಲಿ ಒಬ್ಬನ ಕೂಗು ಹೊಲದ ಬದುವಿನ ತನಕ ಕೇಳಿಸುತ್ತಿತ್ತು. ಕೇಳಿದವರು ಕೂಗಿದವನ ಗುಣವನ್ನೂ ಬಲ್ಲವರಾಗಿದ್ದರು. ಈಗ ನಮ್ಮ ಮಾತು ನಮ್ಮ ಮುಖವನ್ನು ಅರಿಯದವರ ಮನೆಗಳನ್ನು ಕ್ಷಣದಲ್ಲಿ ಹೊಗುತ್ತದೆ. ಮನುಷ್ಯನ ಬುದ್ಧಿಯು ಅವನ ಕೈಯನ್ನು ಇಷ್ಟು ಉದ್ದ ಮಾಡಿತು. ಮನಸ್ಸಾಕ್ಷಿಯನ್ನು ಅಷ್ಟೇ ಉದ್ದ ಮಾಡುವ ಯಂತ್ರವನ್ನು ಅದು ಕಟ್ಟಲಿಲ್ಲ. ಆ ಕೆಲಸವು ಜಾಲದ ಎರಡು ತುದಿಗಳಲ್ಲಿರುವ ನಮ್ಮ ಪಾಲಿಗೆ ಉಳಿದದೆ. ಆದಕಾರಣ ಒಂದು ಸುದ್ದಿಯು ಕೈಗೆ ಬಂದಾಗ, ಇದನ್ನು ಕಂಡವರು ಯಾರು, ಇದು ಸುಳ್ಳಾದರೆ ಪೆಟ್ಟು ತಿನ್ನುವವರು ಯಾರು ಎಂದು ಕೇಳಿಕೊಂಡ ಹೊರತು ಬೆರಳನ್ನು ಒತ್ತದೆ ಇರೋಣ.