ತೆರೆದ ಕಿಟಕಿಯೂ ತಪ್ಪಿಲ್ಲದ ಲೆಕ್ಕವೂ

(ಪಾಠ: ದಾನಿಯೇಲ ೬ನೆಯ ಅಧ್ಯಾಯ, ೧ರಿಂದ ೧೦ನೆಯ ವಚನದ ವರೆಗೆ)



ಪಡುಬಿದ್ರಿಯಿಂದ ಕಾರ್ಕಳಕ್ಕೆ ಹೋಗುವ ದಾರಿಯಲ್ಲಿರುವ ಬೆಳ್ಮಣ್ ಪೇಟೆಯಲ್ಲಿ ಬೆಳಗಿನ ಹೊತ್ತು ಬಸ್ಸಿಗೆ ಕಾದು ನಿಂತಿರುವವರನ್ನು ನೋಡಿರಿ. ಒಬ್ಬನು ನಿಟ್ಟೆಯ ಕಾಲೇಜಿಗೆ, ಒಬ್ಬಳು ಮಣಿಪಾಲದ ಆಸ್ಪತ್ರೆಗೆ, ಮತ್ತೊಬ್ಬನು ಮಂಗಳೂರಿನ ಅಂಗಡಿಗೆ ಹೊರಟಿರುತ್ತಾನೆ. ಇವರ ಅಣ್ಣಂದಿರು ಮುಂಬಯಿಯಲ್ಲಿಯೂ ಕೊಲ್ಲಿಯ ಸೀಮೆಗಳಲ್ಲಿಯೂ ದುಡಿಯುತ್ತಾರೆ. ಈ ಸುತ್ತಿನ ನಮ್ಮ ಸಭೆಗಳ ಮಕ್ಕಳೂ ಹೀಗೆಯೇ ಹೊರಟುಹೋಗುತ್ತಾರೆ. ಆದಿತ್ಯವಾರದ ಒಂದೆರಡು ತಾಸು ನಾವು ದೇವಾಲಯದಲ್ಲಿರುತ್ತೇವೆ. ಮಿಕ್ಕ ಆರು ದಿವಸಗಳು ಕಸಬಿನಲ್ಲಿ ಕಳೆಯುತ್ತವೆ. ಆ ಆರು ದಿವಸಗಳಲ್ಲಿ ನಾವು ಯಾರವರು? ಈ ಪ್ರಶ್ನೆಗೆ ದಾನಿಯೇಲನ ನಡತೆಯಿಂದ ಉತ್ತರವನ್ನು ಕಲಿಯೋಣ.

ದಾನಿಯೇಲನು ಪರದೇಶದಲ್ಲಿ ಪರರಾಜನ ಕೈಕೆಳಗೆ ಉದ್ಯೋಗದಲ್ಲಿದ್ದವನು. ದಾರ್ಯಾವೆಷನು ತನ್ನ ರಾಜ್ಯದ ಮೇಲೆ ೧೨೦ ಮಂದಿ ದೇಶಾಧಿಪತಿಗಳನ್ನೂ ಅವರಿಂದ ಲೆಕ್ಕ ತೆಗೆದುಕೊಳ್ಳುವುದಕ್ಕೆ ಮೂವರು ಮುಖ್ಯಾಧಿಕಾರಿಗಳನ್ನೂ ನೇಮಿಸಿದನು. ಆ ಮೂವರಲ್ಲಿ ಇವನೊಬ್ಬನು. ರಾಜನಿಗೆ ನಷ್ಟವಾಗದಂತೆ ನೋಡಿಕೊಳ್ಳುವುದೇ ಇವನ ಕೆಲಸವಾಗಿತ್ತು.

ಮೊದಲನೆಯದಾಗಿ, ಇವನ ನಿಶ್ಚಯವು ಉದ್ಯೋಗಕ್ಕಿಂತ ಮುಂಚಿನದು. ಇವನು ಯೌವನಸ್ಥನಾಗಿ ಬಾಬೆಲಿಗೆ ಒಯ್ಯಲ್ಪಟ್ಟಾಗಲೇ ರಾಜನ ಊಟದಿಂದ ತನ್ನನ್ನು ಅಶುದ್ಧಪಡಿಸಿಕೊಳ್ಳಬಾರದೆಂದು ಮನಸ್ಸಿನಲ್ಲಿ ಸ್ಥಿರಮಾಡಿಕೊಂಡನೆಂದು ೧ನೆಯ ಅಧ್ಯಾಯದಲ್ಲಿ ಓದುತ್ತೇವೆ. ನಮ್ಮ ಜಿಲ್ಲೆಯ ಹಳೆಯ ಮನೆಗಳ ಮಾಡಿನಲ್ಲಿರುವ ಹಂಚುಗಳನ್ನು ಒಳಗಿನಿಂದ ನೋಡಿದರೆ ಕಾರ್ಖಾನೆಯ ಹೆಸರು ಕಾಣುತ್ತದೆ. ಆ ಹೆಸರನ್ನು ಮಣ್ಣು ಹಸಿಯಾಗಿರುವಾಗಲೇ ಒತ್ತುತ್ತಾರೆ. ಭಟ್ಟಿಯಲ್ಲಿ ಬೆಂದ ಮೇಲೆ ಒತ್ತಿದರೆ ಹಂಚು ಒಡೆಯುವುದೇ ಹೊರತು ಹೆಸರು ಮೂಡುವುದಿಲ್ಲ. ಹಾಗೆಯೇ, ಸಂಬಳವೂ ಸಾಲವೂ ಸಂಸಾರವೂ ಕೊರಳಿಗೆ ಬಿದ್ದ ಮೇಲೆ "ಈಗ ನಿಶ್ಚಯಿಸೋಣ" ಎನ್ನುವವನಿಗೆ ನಿಶ್ಚಯವು ಬಹಳ ಕಷ್ಟವಾಗುತ್ತದೆ. ತಾಯಿತಂದೆಗಳೇ, ಮಕ್ಕಳು ಹಸಿಮಣ್ಣಾಗಿರುವಾಗಲೇ ಕರ್ತನ ಹೆಸರು ಅವರಲ್ಲಿ ಮೂಡಲಿ.

ನಮ್ಮ ಹಿರಿಯರನ್ನು ಇಲ್ಲಿ ಸ್ಮರಿಸತಕ್ಕದ್ದು. ೧೮೩೪ರಲ್ಲಿ ಹೆಬಿಕ್, ಲೇನರ್, ಗ್ರೈನರ್ ಎಂಬ ಮೂವರು ಬಾಸೆಲ್ ಮಿಷನ್ ಬೋಧಕರು ಮಂಗಳೂರಿಗೆ ಬಂದಿಳಿದರು. ತರುವಾಯ ತುಳುನಾಡಿನಲ್ಲಿ ಸಭೆಗೆ ಸೇರಿದವರಲ್ಲಿ ಬಿಲ್ಲವರು ಅನೇಕರು. ಅವರಲ್ಲಿ ಹಲವರಿಗೆ ತಾಳೆಮರದಿಂದ ಕಳ್ಳು ಇಳಿಸುವುದೇ ಜೀವನವಾಗಿತ್ತು. ಮಿಷನ್ನು ಮದ್ಯದ ಕಸಬಿಗೆ ಸಮ್ಮತಿಸದೆ ಇದ್ದುದರಿಂದ ಅವರು ಅದನ್ನು ಬಿಟ್ಟರು. ಕಸಬಿನೊಡನೆ ಅನ್ನವೂ ಹೋಯಿತು. ಇಂಥವರಿಗೆ ದುಡಿಮೆ ಬೇಕೆಂದೇ ಮಂಗಳೂರಿನಲ್ಲಿ ೧೮೫೧ರ ಹೊತ್ತಿಗೆ ನೇಯ್ಗೆಯ ಶಾಲೆಯೂ ೧೮೬೫ರಲ್ಲಿ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆಯೂ ಹುಟ್ಟಿದವು. ಮರವೇರುತ್ತಿದ್ದ ಕೈಗಳು ಮಗ್ಗದ ಲಾಳಿಯನ್ನು ಹಿಡಿಯಲು ಕಲಿತವು. ಇಂದಿಗೂ ಆ ಹಳೆಯ ಕಸಬಿನಲ್ಲಿರುವ ನೆರೆಯವರನ್ನು ತಿರಸ್ಕರಿಸಲು ಇದು ಆಧಾರವಲ್ಲ. ಮನಸ್ಸಾಕ್ಷಿಗೆ ಬೆಲೆ ತೆರಬೇಕೆಂದು ನಮ್ಮವರಿಗೆ ತಿಳಿದಿತ್ತು, ಅವರು ತೆತ್ತರು. ನಾವು ನೆನಪಿಡಬೇಕಾದದ್ದು ಇಷ್ಟೇ.

ಎರಡನೆಯದಾಗಿ, ಇವನ ಕೆಲಸದಲ್ಲಿ ತಪ್ಪು ಸಿಕ್ಕಲಿಲ್ಲ. ಹೊಟ್ಟೆಕಿಚ್ಚಿನವರು ಇವನ ಕಡತಗಳನ್ನು ಜಾಲಾಡಿ ನೋಡಿದರೂ ಒಂದು ಲೋಪವೂ ಕಾಣಲಿಲ್ಲ. ಕಟ್ಟಕಡೆಗೆ ಇವನ ದೇವಭಕ್ತಿಯನ್ನೇ ಅಪರಾಧವನ್ನಾಗಿ ಮಾಡಬೇಕಾಯಿತು. ನಮ್ಮ ಕಸಬನ್ನು ಹೀಗೆ ಶೋಧಿಸಿದರೆ ಏನು ಸಿಕ್ಕೀತು? ಕೊರಳಲ್ಲಿ ಶಿಲುಬೆಯಿದ್ದು ತಕ್ಕಡಿಯಲ್ಲಿ ಮೋಸವಿದ್ದರೆ, ಮೇಜಿನ ಮೇಲೆ ಸತ್ಯವೇದವಿದ್ದು ಮೇಜಿನ ಕೆಳಗೆ ಲಂಚವಿದ್ದರೆ, ನೆರೆಯವರು ನಮ್ಮನ್ನು ಮಾತ್ರ ನಿಂದಿಸುವುದಿಲ್ಲ. ನಮ್ಮ ಕರ್ತನನ್ನು ನಿಂದಿಸುತ್ತಾರೆ. ಮಾಡಿನ ಹಂಚಿನ ಹೆಸರನ್ನು ದಾರಿಹೋಕರು ಕಾಣರು. ಆಷಾಢದ ಮಳೆಯಲ್ಲಿ ಸೋರಲಿಲ್ಲವೆಂಬುದನ್ನು ಮನೆಯವರೆಲ್ಲರೂ ಬಲ್ಲರು. ನಮ್ಮ ಮೊದಲನೆಯ ಸಾಕ್ಷಿಯು ಸೋರದ ಕೆಲಸವೇ. ರೋಗಿಯ ಹಾಸಿಗೆಯ ಬಳಿ ದಾದಿಯ ತಾಳ್ಮೆ, ಗುಮಾಸ್ತನ ಸರಿಯಾದ ಲೆಕ್ಕ, ಯಾರೂ ನೋಡದಿರುವಾಗಲೂ ಸಿಮೆಂಟನ್ನು ಕಡಮೆಮಾಡದ ಮೇಸ್ತ್ರಿ, ಇವು ಕರ್ತನಿಗೆಂದೇ ಮಾಡಿದ ಸೇವೆ.

ಮೂರನೆಯದಾಗಿ, ಇವನು ಕಿಟಕಿಯನ್ನು ಮುಚ್ಚಲಿಲ್ಲ. ರಾಜಾಜ್ಞೆಗೆ ರುಜು ಬಿದ್ದಿತೆಂದು ತಿಳಿದ ಮೇಲೂ ಇವನು ಮನೆಗೆ ಹೋಗಿ ಯೆರೂಸಲೇಮಿನ ಕಡೆಗೆ ತೆರೆದಿದ್ದ ಕಿಟಕಿಯ ಬಳಿ ದಿನಕ್ಕೆ ಮೂರಾವರ್ತಿ ಮೊಣಕಾಲೂರಿ ಪ್ರಾರ್ಥಿಸಿದನು. ಹಿಂದೆ ಮಾಡುತ್ತಿದ್ದ ಪ್ರಕಾರವೇ ಮಾಡಿದನೆಂಬುದನ್ನು ಗಮನಿಸಿರಿ. ಜನರು ನೋಡಲೆಂದು ಅವನು ಹೊಸ ಕಿಟಕಿಯನ್ನು ತೆಗೆಯಲಿಲ್ಲ. ಜನರು ನೋಡಿಯಾರೆಂದು ಹಳೆಯದನ್ನು ಮುಚ್ಚಲೂ ಇಲ್ಲ. ಎರಡು ಶೋಧನೆಗಳಿಗೂ ಇಲ್ಲಿ ಉತ್ತರವಿದೆ. ಆಡಂಬರ ಬೇಡ. ಅಧಿಕಾರದಲ್ಲಿರುವ ವಿಶ್ವಾಸಿಯು ಕೈಕೆಳಗಿನವರ ಮೇಲೆ ತನ್ನ ಮತವನ್ನು ಹೇರುವುದೂ ನಮ್ಮವನೆಂದು ಒಬ್ಬನಿಗೆ ಹೆಚ್ಚು ಕೊಡುವುದೂ ಸಾಕ್ಷಿಯಲ್ಲ, ಅನ್ಯಾಯ. ಮರೆಮಾಚುವಿಕೆಯೂ ಬೇಡ. ಊಟಕ್ಕೆ ಮುಂಚೆ ಕಣ್ಣುಮುಚ್ಚಿ ಸ್ತೋತ್ರಮಾಡಲು ನಾಚಬಾರದು. ಯಾರಾದರೂ ಕೇಳಿದರೆ "ಹೌದು, ನಾನು ಯೇಸುವಿನವನು" ಎಂದು ಸಾತ್ವಿಕವಾಗಿ ಹೇಳಬೇಕು. ನಮ್ಮ ದೇಶದ ಸಂವಿಧಾನದ ೨೫ನೆಯ ವಿಧಿಯು ಎಲ್ಲರಿಗೂ ಮನಸ್ಸಾಕ್ಷಿಯ ಸ್ವಾತಂತ್ರ್ಯವನ್ನು ಕೊಟ್ಟಿದೆ. ಕಾನೂನು ಮುಚ್ಚದ ಕಿಟಕಿಯನ್ನು ನಮ್ಮ ಭಯವು ಮುಚ್ಚಬಾರದು.

ಬೆಳ್ಮಣ್ಣಿನ ನೆರೆಯ ನಂದಳಿಕೆಯಲ್ಲಿ ೧೮೭೦ರಲ್ಲಿ ಹುಟ್ಟಿದ ಲಕ್ಷ್ಮೀನಾರಣಪ್ಪನವರು ಉಡುಪಿಯಲ್ಲಿ ವ್ಯಾಯಾಮದ ಉಪಾಧ್ಯಾಯರಾಗಿದ್ದುಕೊಂಡು, ಮುದ್ದಣನೆಂಬ ಹೆಸರಿನ ಮರೆಯಲ್ಲಿ ಉತ್ತಮ ಕಾವ್ಯಗಳನ್ನು ಬರೆದರು. ಅವರು ಮರೆಮಾಡಿದ್ದು ತಮ್ಮ ಹೆಸರನ್ನು, ಅದರಲ್ಲಿ ವಿನಯವಿದೆ. ನಾವು ಮರೆಮಾಡುವುದು ಒಡೆಯನ ಹೆಸರನ್ನು, ಅದರಲ್ಲಿರುವುದು ಅಂಜಿಕೆ. ಅರಿಮಥಾಯದ ಯೋಸೇಫನೂ ಅಂಜಿಕೆಯಿಂದ ಗುಪ್ತಶಿಷ್ಯನಾಗಿದ್ದನು. ಆದರೆ ಶಿಲುಬೆಯ ದಿನದಲ್ಲಿ ಪಿಲಾತನ ಮುಂದೆ ನಿಂತು ಕರ್ತನ ದೇಹವನ್ನು ಕೇಳಿಕೊಂಡನು. ಅಂಜುವವರಿಗೆ ಬಾಗಿಲು ಇನ್ನೂ ತೆರೆದಿದೆ.

ಹೀಗೆ ನಡೆದವರಿಗೆಲ್ಲಾ ಬಡತಿ ದೊರೆಯುವುದೆಂದು ನಾವು ಮಾತು ಕೊಡಲಾರೆವು. ದಾನಿಯೇಲನು ಸಿಂಹಗಳ ಗವಿಯಿಂದ ಜೀವದೊಡನೆ ಬಂದನು. ಸ್ತೆಫನನು ಕಲ್ಲೆಸೆತಕ್ಕೆ ಬಿದ್ದನು. ಇಬ್ಬರೂ ದೇವರ ಕೈಯಲ್ಲಿಯೇ ಇದ್ದರು. ಆದಕಾರಣ ಸಭೆಯ ಹಿರಿಯರಿಗೆ ಒಂದು ಮಾತು. ಸುಳ್ಳು ರಸೀದಿಗೆ ರುಜು ಹಾಕಲೊಲ್ಲದೆ ಕೆಲಸ ಕಳಕೊಂಡು ಊರಿಗೆ ಬಂದ ಯುವಕನನ್ನು "ಬುದ್ಧಿಯಿಲ್ಲದವನು" ಎಂದು ನಾವೇ ಹಳಿಯುತ್ತೇವೋ? ಅವನ ಮನೆಯಲ್ಲಿ ಅಕ್ಕಿಯುಂಟೋ ಎಂದು ವಿಚಾರಿಸುತ್ತೇವೋ? ಅಂದು ಕಸಬು ಬಿಟ್ಟವರಿಗೆ ಮಗ್ಗವು ಸಿದ್ಧವಾಯಿತು. ಇಂದು ಇಂಥವರಿಗೆ ನಮ್ಮ ಸಭೆಯಲ್ಲಿ ಏನು ಸಿದ್ಧವಾಗಿದೆ? ಧೈರ್ಯವಾಗಿರೆಂದು ಮಕ್ಕಳಿಗೆ ಬೋಧಿಸಿ, ಅವರು ಧೈರ್ಯದಿಂದ ನಡೆದು ಬಿದ್ದಾಗ ಕೈಬಿಡುವ ಸಭೆಯು ತನ್ನ ಬೋಧನೆಯನ್ನು ತಾನೇ ಸುಳ್ಳುಮಾಡುತ್ತದೆ.

ನಾಳೆ ಸೋಮವಾರ. ಬಸ್ಸು ಬರುವುದು, ಅಂಗಡಿಯ ಬಾಗಿಲು ತೆರೆಯುವುದು. ಕರ್ತನೇ, ನಮ್ಮ ಲೆಕ್ಕವನ್ನು ಶುದ್ಧವಾಗಿಯೂ ನಮ್ಮ ಕಿಟಕಿಯನ್ನು ತೆರೆದೇ ಇರುವಂತೆಯೂ ಕಾಪಾಡು. ನಷ್ಟವನ್ನು ಅನುಭವಿಸುವ ನಿನ್ನ ಮಕ್ಕಳಿಗೆ ಆಸರೆಯಾಗುವ ಮನಸ್ಸನ್ನು ನಮಗೆ ದಯಪಾಲಿಸು. ಆಮೆನ್.