ನಕ್ಷೆಯಲ್ಲಿ ಕಂಡ ಅಭಾವ

ಇಲ್ಲದಿರುವ ವಸ್ತುವನ್ನು ಅರಿಯುವುದು ಹೇಗೆ? ನಮ್ಮ ದೇಶದ ತಾರ್ಕಿಕರನ್ನು ಬಹುಕಾಲ ಕಾಡಿದ ಪ್ರಶ್ನೆಯಿದು. ನೆಲದ ಮೇಲೆ ಗಡಿಗೆಯಿಲ್ಲವೆಂದು ನಾವು ಹೇಳುವಾಗ ಕಣ್ಣಿಗೆ ಕಾಣುತ್ತಿರುವುದು ಬರಿಯ ನೆಲವಷ್ಟೆ. ಗಡಿಗೆಯ ‘ಇಲ್ಲ’ವನ್ನು ಯಾವ ಇಂದ್ರಿಯವು ಹಿಡಿಯಿತು? ನೈಯಾಯಿಕರು ಅಭಾವವನ್ನೂ ಒಂದು ಪದಾರ್ಥವೆಂದೆಣಿಸಿ ಅದು ಪ್ರತ್ಯಕ್ಷಕ್ಕೇ ಗೋಚರವೆಂದರು. ಭಾಟ್ಟ ಮೀಮಾಂಸಕರು ಅದಕ್ಕಾಗಿ ಅನುಪಲಬ್ಧಿಯೆಂಬ ಬೇರೊಂದು ಪ್ರಮಾಣವನ್ನೇ ಒಪ್ಪಿದರು. ಆದರೆ ಯಾವುದು ಇಲ್ಲವೋ ಅದನ್ನು ಮೊದಲು ಬಲ್ಲವನಿಗೆ ಮಾತ್ರ ಅದರ ಅಭಾವವು ತಿಳಿದೀತೆಂಬುದರಲ್ಲಿ ಇಬ್ಬರಿಗೂ ಒಮ್ಮತ. ಗಡಿಗೆಯನ್ನೇ ಕಾಣದವನಿಗೆ ಅಲ್ಲಿರುವುದು ಸುಮ್ಮನೆ ನೆಲ. ವಿದ್ಯಾರ್ಥಿದೆಸೆಯಲ್ಲಿ ಇದನ್ನು ಕಂಠಪಾಠ ಮಾಡುವಾಗ ಒಣ ಚರ್ಚೆಯೆಂದೇ ಭಾವಿಸಿದ್ದೆವು. ಬೆಂಗಳೂರಿನ ನೆಲವನ್ನು ಆಕಾಶದಿಂದ ಅಳೆದ ನಕ್ಷೆಗಳನ್ನು ಕಂಡ ಮೇಲೆ ಆ ಭಾವನೆ ಉಳಿದಿಲ್ಲ.

ಈ ನಕ್ಷೆಗಳು ಆಗುವ ಬಗೆಯನ್ನು ಓದುಗರು ತುಸು ತಿಳಿಯಬೇಕು. 1972ರಲ್ಲಿ ಅಮೆರಿಕೆಯು ಲ್ಯಾಂಡ್‌ಸ್ಯಾಟ್ ಮಾಲೆಯ ಮೊದಲ ಉಪಗ್ರಹವನ್ನು ಹಾರಿಸಿತು. 1988ರಲ್ಲಿ ನಮ್ಮ ದೇಶದ ಐಆರ್‌ಎಸ್-1ಎ ಮೇಲೇರಿತು. ನೆಲದಿಂದ ಮರಳುವ ಬೆಳಕನ್ನು ಇವು ಬಣ್ಣಬಣ್ಣವಾಗಿ ವಿಂಗಡಿಸಿ ಅಳೆಯುತ್ತವೆ. ಹಸಿರೆಲೆಯು ಕೆಂಪು ಬೆಳಕನ್ನು ಹೀರಿಕೊಂಡು, ನಮ್ಮ ಕಣ್ಣಿಗೆ ಕಾಣದ ಅವಕೆಂಪು ಬೆಳಕನ್ನು ಬಹಳವಾಗಿ ಹಿಂದಕ್ಕೆ ಕಳುಹುತ್ತದೆ. ನೀರು ಅದನ್ನು ಬಹುಮಟ್ಟಿಗೆ ನುಂಗಿಬಿಡುತ್ತದೆ. ಈ ಭೇದದಿಂದ ಕೆರೆ, ತೋಪು, ಹೊಲ, ಕಟ್ಟಡಗಳನ್ನು ಬೇರೆಬೇರೆಯಾಗಿ ಗುರುತಿಸುವರು. ವಾಡಿಕೆಯ ಚಿತ್ರಗಳಲ್ಲಿ ಗಿಡಮರಗಳಿರುವ ಎಡೆಯೆಲ್ಲ ಕೆಂಪಾಗಿ ತೋರುವುದು! ಮೊದಲ ಬಾರಿ ನೋಡಿದಾಗ ಊರಿಗೆ ಬೆಂಕಿ ಬಿದ್ದಿದೆಯೋ ಎಂದು ಬೆಚ್ಚಿದೆವು. ಆ ಕೆಂಪೇ ಜೀವದ ಗುರುತು, ಅದರ ನಡುವೆ ಹಬ್ಬಿದ ಬೂದುಬಣ್ಣವೇ ನಗರವೆಂದು ತೋರಿಸಿದವರು ಬಿಡಿಸಿ ಹೇಳಿದರು.

ಭಾರತೀಯ ವಿಜ್ಞಾನ ಸಂಸ್ಥೆಯ ಟಿ. ವಿ. ರಾಮಚಂದ್ರ ಮತ್ತು ಸಂಗಡಿಗರು 1973ರ ಚಿತ್ರಗಳಿಂದ ತೊಡಗಿ ಬೆಂಗಳೂರನ್ನು ಹೀಗೆ ಅಳೆದರು. ನಾಲ್ಕು ದಶಕಗಳಲ್ಲಿ ಕಟ್ಟಡದ ನೆಲವು ಶೇಕಡಾ 584ರಷ್ಟು ಹೆಚ್ಚಿತು, ಎಂದರೆ ಸುಮಾರು ಏಳು ಪಟ್ಟಾಯಿತು. ಹಸುರು ಶೇಕಡಾ 66ರಷ್ಟು, ನೀರಿನ ಹರವು ಶೇಕಡಾ 74ರಷ್ಟು ಕುಗ್ಗಿತು ಎಂಬುದು ಅವರ ಲೆಕ್ಕ. ಕೆಂಪೇಗೌಡರ ಹೆಸರಿನ ನಾಲ್ಕು ಗಡಿಗೋಪುರಗಳು ಇಂದು ಪೇಟೆಯ ಒಳಗೆ ಎಲ್ಲಿಯೋ ಸಿಕ್ಕಿಕೊಂಡಿವೆ. 2007ರಲ್ಲಿ ಏಳು ನಗರಸಭೆಗಳನ್ನೂ ಒಂದು ಪುರಸಭೆಯನ್ನೂ 110 ಹಳ್ಳಿಗಳನ್ನೂ ಮಹಾನಗರಕ್ಕೆ ಕೂಡಿಸಿದರು. ಆ 110 ಹಳ್ಳಿಗಳಿಗೆ ತಮ್ಮ ತಮ್ಮ ಕೆರೆ, ಗೋಮಾಳ, ಗುಂಡುತೋಪುಗಳಿದ್ದವೆಂಬುದನ್ನು ಹೇಳಬೇಕಾಗಿಲ್ಲ.

ಇಲ್ಲಿ ತಾರ್ಕಿಕರ ಮಾತು ನೆನಪಿಗೆ ಬರುವುದು. ಎರಡು ಕಾಲದ ಎರಡು ಚಿತ್ರಗಳನ್ನು ಒಂದರ ಮೇಲೊಂದಿಟ್ಟಾಗಲೇ ಬದಲಾವಣೆಯು ಕಾಣುವುದು. ಹಳೆಯ ಚಿತ್ರವಿಲ್ಲದಿದ್ದರೆ ಅಭಾವವೂ ಇಲ್ಲ. ಧರ್ಮಾಂಬುಧಿ ಕೆರೆಯಿದ್ದ ಎಡೆಯಲ್ಲಿ ಕೆಂಪೇಗೌಡ ಬಸ್ ನಿಲ್ದಾಣವಿದೆ; ಸಂಪಂಗಿ ಕೆರೆಯಿದ್ದ ಎಡೆಯಲ್ಲಿ ಕಂಠೀರವ ಕ್ರೀಡಾಂಗಣವಿದೆ. ಇವೆರಡೂ ಉಪಗ್ರಹವು ಕಣ್ಣು ತೆರೆಯುವುದಕ್ಕೆ ಮುಂಚೆಯೇ ಅಳಿದವು. ಆದುದರಿಂದ ಶೇಕಡಾ 74ರ ಆ ನಷ್ಟದಲ್ಲಿ ಇವುಗಳ ಲೆಕ್ಕವಿಲ್ಲ. ಸಂಪಂಗಿ ಕೆರೆಯ ಒಂದು ತುಣುಕು ಮಾತ್ರ ಕರಗದ ಆಚರಣೆಗೆಂದು ಉಳಿದುಕೊಂಡಿದೆ. ವರ್ಷಕ್ಕೊಮ್ಮೆ ಕರಗದವರು ಅಲ್ಲಿಗೆ ಬರುವರು. ಉಪಗ್ರಹಕ್ಕೆ ತಿಳಿಯದುದನ್ನು ಆ ಜನರ ನಡಿಗೆಯು ನೆನಪಿನಲ್ಲಿಟ್ಟಿದೆ. ಶಾಸ್ತ್ರದಲ್ಲಿ ಪ್ರಧ್ವಂಸಾಭಾವವೆಂದು ಒಂದು ಬಗೆಯುಂಟು. ಇದ್ದ ವಸ್ತುವು ನಾಶವಾದ ಮೇಲೆ ಉಂಟಾಗುವ ಇಲ್ಲವಿಕೆಯದು. ಅದಕ್ಕೆ ಆದಿಯುಂಟು, ಅಂತ್ಯವಿಲ್ಲವೆನ್ನುವರು. ಒಡೆದ ಗಡಿಗೆಯೇ ಮತ್ತೆ ಬಾರದು. ಬಂದರೆ ಬೇರೊಂದು ಗಡಿಗೆ ಬಂದೀತು.

ಇನ್ನು ನಕ್ಷೆಯ ಮಿತಿಯನ್ನೂ ಹೇಳಬೇಕು. ಮೊದಮೊದಲಿನ ಉಪಗ್ರಹಗಳ ಒಂದು ಚುಕ್ಕೆಯು ಸುಮಾರು 80 ಮೀಟರಿನ ಚೌಕ, ಎಂದರೆ ಒಂದೂವರೆ ಎಕರೆಗೂ ಮಿಗಿಲು. ಆಮೇಲೆ ಅದು 30 ಮೀಟರಿಗೆ, ಸುಮಾರು ಒಂಬತ್ತು ಗುಂಟೆಗೆ, ಇಳಿಯಿತು. ಆ ಒಂಬತ್ತು ಗುಂಟೆಯೊಳಗೆ ಮನೆಯೂ ಹಿತ್ತಿಲೂ ಬಾವಿಯೂ ಇದ್ದರೂ ನಕ್ಷೆಯು ಒಂದೇ ಹೆಸರನ್ನು ಕೊಡಬೇಕು. ಉತ್ತು ಬಿಟ್ಟ ನೆಲವೂ ಕಟ್ಟಡದ ಮಾಳಿಗೆಯೂ ಕೆಲವೊಮ್ಮೆ ಒಂದೇ ರೀತಿ ತೋರಿ ಬಲ್ಲವರನ್ನೂ ತಪ್ಪಿಸುವುದುಂಟು. ದನ ಮೇಯುವ ಗೋಮಾಳವಾಗಲಿ, ಊರಿನ ಹೆಣ ಹೂಳುವ ರುದ್ರಭೂಮಿಯಾಗಲಿ ಅದಕ್ಕೆ ‘ಬಯಲು’ ಮಾತ್ರ. ನಮ್ಮ ಕಂದಾಯದ ದಫ್ತರಗಳು ಇದಕ್ಕಿಂತ ಮೇಲೆಂದೇನೂ ಅಲ್ಲ. ದಾರಿ, ಹಳ್ಳ, ಸ್ಮಶಾನಗಳಂತಹ ಎಲ್ಲರ ನೆಲಕ್ಕೆ ಅಲ್ಲಿ ‘ಬಿ ಖರಾಬು’ ಎಂಬ ಹೆಸರು. ಎಲ್ಲರಿಗೂ ಸೇರಿದ್ದನ್ನು ಕೆಟ್ಟದ್ದೆಂದು ಕರೆದ ಮೇಲೆ ಅದನ್ನು ಕಬಳಿಸುವವನಿಗೆ ಮನಸ್ಸು ಅಳುಕುವುದೆಂತು?

ಈಗ ನಿಜವಾದ ಪ್ರಶ್ನೆಗೆ ಬರೋಣ. ಇಂತಹ ನಕ್ಷೆಯನ್ನು ಎಷ್ಟು ಹೊತ್ತು ನೋಡಿದರೂ ಅದರಲ್ಲಿ ತಪ್ಪಿತಸ್ಥನು ಕಾಣುವುದಿಲ್ಲ. ಪ್ರತಿಯೊಂದು ಚುಕ್ಕೆಯ ಹಿಂದೆಯೂ ಒಂದು ನ್ಯಾಯವಾದ ಕಾರಣವಿರುವುದು. ಮಗಳ ಮದುವೆಗೆಂದು ಹೊಲವನ್ನು ಮಾರಿದ ರೈತನು ಪಾಪಿಯೇ? ರಾಯಚೂರಿನಿಂದಲೋ ಕಲಬುರಗಿಯಿಂದಲೋ ಕೂಲಿ ಅರಸಿ ಬಂದವನಿಗೆ ತಲೆಯ ಮೇಲೊಂದು ಸೂರು ಬೇಡವೇ? ನಗರವು ಬೆಳೆಯುವುದೇ ಅಧರ್ಮವೆನ್ನುವವರ ಮಾತನ್ನು ನಾವು ಒಪ್ಪುವುದಿಲ್ಲ. ಹಾಗೆನ್ನುವವರಲ್ಲಿ ಹಲವರು ಮೊದಲೇ ಬಂದು ನಿವೇಶನ ಮಾಡಿಕೊಂಡವರು. ಗ್ರೀಕರಲ್ಲಿ ರಾಶಿಯ ಸಮಸ್ಯೆಯೆಂದೊಂದುಂಟು: ಕಾಳಿನ ಮೇಲೆ ಕಾಳು ಹಾಕುತ್ತ ಹೋದರೆ ಎಷ್ಟನೆಯ ಕಾಳಿನಿಂದ ಅದು ರಾಶಿಯಾಯಿತು? ಹಾಗೆಯೇ ಎಷ್ಟನೆಯ ಮನೆಯಿಂದ ಕೆರೆ ಸತ್ತಿತು? ಬಸವನಗುಡಿಯ ನಂದಿಯ ಬಳಿ ಹುಟ್ಟಿ ನಂದಿಯ ಹೆಸರನ್ನೇ ಹೊತ್ತ ವೃಷಭಾವತಿಯು ಕೊಳಚೆಯ ಹೊನಲಾದುದು ಯಾವ ದಿನದಿಂದ? 2015ರಲ್ಲಿಯೂ 2017ರಲ್ಲಿಯೂ ಬೆಳ್ಳಂದೂರು ಕೆರೆಯಲ್ಲಿ ಬೆಂಕಿ ಕಾಣಿಸಿಕೊಂಡಾಗ ನೀರು ಉರಿಯಿತೆಂದು ಎಲ್ಲರೂ ಬೆರಗಾದರೇ ಹೊರತು, ಆ ಕೆರೆಗೆ ಹರಿದ ಕೊಳಚೆಯಲ್ಲಿ ತಮ್ಮ ಮನೆಯ ಬಚ್ಚಲಿನದೂ ಉಂಟೆಂದು ಎಣಿಸಿದವರು ವಿರಳ.

ಈ ತರ್ಕವು ಸೊಗಸಾಗಿದೆ. ಆದರೆ ಅದರ ಆಸರೆಯಲ್ಲಿ ನಾವೇ ಎಷ್ಟು ಕಾಲ ನಿಂತಿದ್ದೆವೆಂಬುದನ್ನು ಮರೆಮಾಚಿ ಬರೆಯುವುದು ಸಲ್ಲದು. ನಾವು ಪೀಠಕ್ಕೆ ಬಂದ ಹೊಸತರಲ್ಲಿ ಭಕ್ತರೊಬ್ಬರು ನಗರದ ಅಂಚಿನಲ್ಲಿ ಎರಡು ಎಕರೆ ಭೂಮಿಯನ್ನು ಮಠಕ್ಕೆ ದಾನವಾಗಿತ್ತರು. ಅಲ್ಲಿ ಬಡ ವಿದ್ಯಾರ್ಥಿಗಳ ವಸತಿ ನಿಲಯವೂ ದಾಸೋಹ ಮಂದಿರವೂ ಎದ್ದವು. ಸಂತೋಷದಿಂದ ಶಂಕುಸ್ಥಾಪನೆ ಮಾಡಿದೆವು. 2022ರ ಮಳೆಗಾಲದ ಒಂದು ರಾತ್ರಿ ಕೆಳಗಿನ ಅಂತಸ್ತಿಗೆ ಮೊಳಕಾಲುದ್ದ ನೀರು ನುಗ್ಗಿತು. ಮಕ್ಕಳು ಪುಸ್ತಕಗಳನ್ನು ತಲೆಯ ಮೇಲೆ ಹೊತ್ತು ಮೇಲಕ್ಕೇರಿದರು. ಉಗ್ರಾಣದ ಅಕ್ಕಿಯೆಲ್ಲ ನೆನೆಯಿತು. ಪಕ್ಕದ ಬಡಾವಣೆಯವರನ್ನೂ ಅಧಿಕಾರಿಗಳನ್ನೂ ದೂರಿ ಭಾಷಣ ಮಾಡಿದವರಲ್ಲಿ ನಾವೇ ಮೊದಲಿಗರು.

ನಿಲಯದಲ್ಲಿಯೇ ಇದ್ದು ಭೂಗೋಳವನ್ನು ಓದುತ್ತಿದ್ದ ಹುಡುಗನೊಬ್ಬನು ಒಂದು ದಿನ ಉಪಗ್ರಹದ ಚಿತ್ರಗಳನ್ನು ತಂದು ನಮ್ಮ ಮುಂದೆ ಹರಡಿದನು. ಮೇಲೆ ಹೇಳಿದ ಕೆಂಪು ಚಿತ್ರಗಳೇ ಅವು. ನಮ್ಮ ಜಾಗವು ಮೊದಲು ಹೊಲ, ಆಮೇಲೆ ಕಟ್ಟಡ, ಅಷ್ಟೇ. ನಮಗೆ ಸಮಾಧಾನವಾಯಿತು. ಹುಡುಗನು, “ಬುದ್ಧಿ, ಕಾಲುವೆ ಇದ್ದಿದ್ದರೂ ಇದರಲ್ಲಿ ಕಾಣುವುದಿಲ್ಲ, ಅದು ಚುಕ್ಕೆಗಿಂತ ಸಣ್ಣದು,” ಎಂದು ಹಳೆಯ ಗ್ರಾಮನಕ್ಷೆಯನ್ನು ಬಿಚ್ಚಿದನು. ಮೇಲಿನ ಕೆರೆಯ ಕೋಡಿಯಿಂದ ಕೆಳಗಿನ ಕೆರೆಗೆ ಎರಡು ಗೆರೆಗಳು ಸಾಗಿದ್ದವು. ನಮ್ಮ ದಾಸೋಹ ಮಂದಿರದ ಉತ್ತರದ ಗೋಡೆಯು ಆ ಗೆರೆಗಳ ನಡುವೆ ನಿಂತಿದೆ. ಮನಸ್ಸು ತಡೆಯದೆ ದಾನಪತ್ರವನ್ನು ತರಿಸಿದೆವು. ಚಕ್ಕುಬಂದಿಯಲ್ಲಿ ಸ್ಪಷ್ಟವಾಗಿ ಬರೆದಿದೆ: ಉತ್ತರಕ್ಕೆ ಸರ್ಕಾರಿ ಕಾಲುವೆ. ಕೆಳಗೆ ನಮ್ಮದೇ ರುಜು.

ತನ್ನ ಒಡೆತನವನ್ನು ಬಿಟ್ಟು ಪರರ ಒಡೆತನವನ್ನು ಉಂಟುಮಾಡುವುದು ದಾನವೆಂದು ಧರ್ಮಶಾಸ್ತ್ರಜ್ಞರು ಹೇಳುವರು. ನೀರಿನ ದಾರಿಯು ದಾನಿಗೂ ಸೇರಿದ್ದಲ್ಲ; ಅವರು ಅದನ್ನು ಕೊಡಲೂ ಇಲ್ಲ, ಪತ್ರದಲ್ಲಿ ಹೊರಗೇ ಇಟ್ಟಿದ್ದರು. ತೆಗೆದುಕೊಂಡವರು ನಾವು. ದಾಸೋಹವೆಂಬ ಹೆಸರಿನಲ್ಲಿ ತೆಗೆದುಕೊಂಡೆವೆಂಬುದು ಆ ಕೃತ್ಯವನ್ನು ಹಗುರಗೊಳಿಸುವುದೋ ಭಾರವಾಗಿಸುವುದೋ ಎಂದು ಕೇಳಿದರೆ, ಭಾರವೆಂದೇ ನಮ್ಮ ನಿರ್ಣಯ. ಸ್ವಾರ್ಥಕ್ಕೆ ಒತ್ತಿಕೊಂಡವನಿಗೆ ಒಳಗೊಳಗೆ ಭಯವಾದರೂ ಇದ್ದೀತು. ನಮಗೆ ಅದೂ ಇರಲಿಲ್ಲ. ಎಷ್ಟನೆಯ ಕಾಳೆಂಬುದು ನಮಗೆ ತಿಳಿಯದು. ರಾಶಿಯಲ್ಲಿ ಈ ಕಾಳು ನಮ್ಮದೆಂಬುದು ಮಾತ್ರ ರುಜುವಿನೊಡನೆ ತಿಳಿದಿದೆ. ತಿಳಿದ ಮೇಲೆ ಮೇಲಿನ ಬಡಾವಣೆಯವರು ಮೊದಲು ತೆರವು ಮಾಡಲಿ ಎಂದು ಕಾಯುವುದು ಜಾಣತನವಾದೀತೇ ಹೊರತು ಮತ್ತೇನೂ ಆಗದು.

ಆಡಳಿತ ಮಂಡಳಿಯ ಸಭೆಯಲ್ಲಿ ಈ ವಿಷಯವು ಮೂರು ಸಲ ಬಂದಿತು. ಲಕ್ಷಾಂತರ ರೂಪಾಯಿಯ ಭಕ್ತರ ದ್ರವ್ಯವನ್ನು ಕೆಡವುವುದೆಂತೆಂದು ಹಿರಿಯರು ಕೇಳಿದರು. ಅವರ ಸಂಕಟವು ಸುಳ್ಳಲ್ಲ. ದಾನಿಗಳು ಲಿಂಗೈಕ್ಯರಾಗಿದ್ದಾರೆ, ಅವರ ಮಗನು ತಂದೆಯ ಹೆಸರಿನ ಫಲಕವಿರುವ ಗೋಡೆಯನ್ನು ಒಡೆಯುವುದಕ್ಕೆ ಇನ್ನೂ ಒಪ್ಪಿಲ್ಲ. ಆತನ ಮನೆಗೆ ನಾವೇ ಎರಡು ಬಾರಿ ಹೋಗಿ ಬಂದೆವು. ಇಷ್ಟರಲ್ಲಿ ಭೂಮಾಪಕರು ಬಂದು ಅಳೆದು, ಊಟದ ಪಡಸಾಲೆಯ ಒಳಗೆ ಸುಣ್ಣದಲ್ಲಿ ಎರಡು ಗೆರೆಗಳನ್ನು ಎಳೆದು ಹೋಗಿದ್ದಾರೆ. ಮಕ್ಕಳು ಈಗ ಆ ಗೆರೆಗಳ ನಡುವೆ ಎಲೆ ಹಾಕುವುದಿಲ್ಲ.